ಚೀಟಿದಾರರು ಗಾಡಿಯ ಮೇಲಿರಬೇಕು

ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಹೊರಗಿನ ಗಾಡಿ ಸ್ಟ್ಯಾಂಡಿನಲ್ಲಿ, ಗೇಟಿನ ಪಕ್ಕಕ್ಕೇ, ಆರು ಗಾಡಿ ನಿಲ್ಲುವಷ್ಟು ಒಂದು ತಗಡಿನ ಶೆಡ್ಡಿದೆ. ನೆಲಕ್ಕೆ ನೀಲಿ ಬಣ್ಣ, ಅದರ ಮೇಲೆ ಗಾಲಿಕುರ್ಚಿಯ ಬಿಳಿ ಚಿತ್ರ. ಆ ಶೆಡ್ಡಿಗಾಗಿ ನಾನು ಎರಡು ವರ್ಷ ಅರ್ಜಿ ಬರೆದಿದ್ದೇನೆ, ಕಂಡಕಂಡ ಬಾಗಿಲ ಮುಂದೆ ಕಾದಿದ್ದೇನೆ. ಕೊನೆಗೆ ಅದು ಬಂದಾಗ, ಅಲ್ಲಿ ಗಾಡಿ ನಿಲ್ಲಿಸುವ ಪರವಾನಗಿ ಚೀಟಿಗಳನ್ನು ನಾನೇ ಕೈಯಾರೆ ಬರೆದು, ಫೋಟೊ ಅಂಟಿಸಿ, ನಮ್ಮ ಆಫೀಸಿನ ಸಾಹೇಬರ ಮೊಹರು ಹಾಕಿಸಿ, ರಾಬರ್ಟ್‌ಸನ್‌ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದೆ. ಒಟ್ಟು ಹದಿನಾಲ್ಕು ಚೀಟಿ. ಅವುಗಳಲ್ಲಿ ಒಂಬತ್ತನೆಯದನ್ನು ನಾನೇ ಕತ್ತರಿ ಹಿಡಿದು ಎರಡು ತುಂಡು ಮಾಡಿದೆ. ಅದು ಹೇಗಾಯಿತು ಎಂದು ಬರೆಯುತ್ತಿದ್ದೇನೆ. ಹೇಳಿಕೊಂಡು ತಿರುಗುವಂಥ ಸಂಗತಿಯೇನೂ ಅಲ್ಲ.

ನಾನು ತಾಲ್ಲೂಕಿನ ಪುನರ್ವಸತಿ ಕಾರ್ಯಕರ್ತೆ. ಅಂಗವಿಕಲರಿಗೆ ಗುರುತಿನ ಕಾರ್ಡು, ಪಿಂಚಣಿ, ಗಾಡಿ ಕೊಡಿಸುವುದು, ಕೊಡಿಸಿದ್ದು ಅವರ ಕೈಯಲ್ಲೇ ಉಳಿದಿದೆಯೇ ಎಂದು ವರ್ಷಕ್ಕೊಮ್ಮೆ ಮನೆಗೆ ಹೋಗಿ ನೋಡಿ ಫಾರಂ ತುಂಬುವುದು ನನ್ನ ಕೆಲಸ. ಫಾರಂ ಎರಡು ಪುಟದ್ದು. ಎರಡನೇ ಪುಟದ ಕೊನೆಗೆ ‘ಊಟ, ಬಟ್ಟೆ, ಔಷಧ ಸರಿಯಾಗಿ ಸಿಗುತ್ತಿದೆಯೇ’ ಎಂಬ ಸಾಲಿದೆ. ಅದನ್ನು ಹಾಗೇ ಓದಿ ಕೇಳಿದರೆ ಮನೆಯವರ ಮುಖ ಗಂಟಾಗುತ್ತದೆ, ಅಂಗವಿಕಲರು ಮನೆಯವರ ಮುಖ ನೋಡಿ ಉತ್ತರ ಕೊಡುತ್ತಾರೆ. ಅದಕ್ಕೇ ನಾನು ಹೊರಡುವಾಗ ಸುಮ್ಮನೆ ‘ಊಟ ಆಯ್ತಾ’ ಎಂದು ಕೇಳಿ, ಬಂದ ಉತ್ತರ ನೋಡಿಕೊಂಡು ಆ ಸಾಲು ತುಂಬುತ್ತೇನೆ. ಈ ಉಪಾಯ ನನಗೆ ಯಾರೂ ಕಲಿಸಿದ್ದಲ್ಲ. ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು. ನನ್ನ ಬಲಗಾಲೂ ಚಿಕ್ಕಂದಿನಲ್ಲೇ ಪೋಲಿಯೋಗೆ ಹೋದದ್ದು. ಕಾಲಿಗೆ ಆಸರೆಯ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು, ಹಿಂದೆ ಎರಡು ಪಕ್ಕದ ಗಾಲಿ ಇರುವ ಸ್ಕೂಟರಿನಲ್ಲಿ ಊರೂರು ತಿರುಗುತ್ತೇನೆ. ಹಾಗಾಗಿ ಜನ ನನ್ನನ್ನು ನಂಬುತ್ತಾರೆ. ನನ್ನ ಬಾಯಿಗೆ ಹೆದರುತ್ತಾರೆ ಎಂದರೂ ತಪ್ಪಿಲ್ಲ.

ಶೆಡ್ಡಿನ ಬಗ್ಗೆ ಮೊದಲು ದೂರು ತಂದವಳು ಎರಡೂ ಕಾಲಿಗೆ ಕ್ಯಾಲಿಪರ್ ಹಾಕುವ ಒಬ್ಬ ಹುಡುಗಿ. ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯಲ್ಲಿ ಫೋನಿಗೆ ಉತ್ತರ ಕೊಡುವ ಕೆಲಸ ಅವಳದು. ಬೆಳಗಿನ ರೈಲು ತಪ್ಪಿದರೆ ಅವಳ ಅರ್ಧ ದಿನ ಹೋದಂತೆ.

“ಅಕ್ಕಾ, ಶೆಡ್ಡಲ್ಲಿ ಜಾಗಾನೇ ಇರಲ್ಲ. ಆರಕ್ಕೆ ಆರೂ ತುಂಬೋಗಿರ್ತವೆ. ದೊಡ್ಡ ಸ್ಟ್ಯಾಂಡಲ್ಲಿ ಆ ತುದೀಲಿ ನಿಲ್ಸಿ ನಡ್ಕೊಂಡ್ ಬರೋಷ್ಟರಲ್ಲಿ ಟ್ರೈನ್ ಹೊರಟೋಗುತ್ತೆ,” ಎಂದಳು.

“ಆರೂ ನಮ್ಮವರ ಗಾಡಿನೇ ಅಲ್ವೇನೇ? ಚೀಟಿ ಇಲ್ದೆ ಬಿಡಲ್ಲ ಅಲ್ಲಿ.”

“ಗಾಡಿ ನಮ್ಮವರ್ದೇ ಅಕ್ಕಾ. ಇಳಿಯೋರು ಮಾತ್ರ ಮೆಟ್ಲು ಎರಡೆರಡು ಹತ್ಕೊಂಡು ಓಡ್ತಾರೆ.”

ಅವಳ ಕಂಪನಿಯಲ್ಲಿ ಎರಡು ಸಲ ಎಚ್ಚರಿಕೆ ಕೊಟ್ಟಾಗಿತ್ತು. ಮೂರನೆಯದಕ್ಕೆ ಕೆಲಸ ಹೋಗುತ್ತದೆ ಎಂದು ಅಳದೇ ಹೇಳಿದಳು. ಅಳುವವರಿಗಿಂತ ಅಳದೆ ಹೇಳುವವರ ಮುಂದೆ ನನಗೆ ಹೆಚ್ಚು ಸಂಕಟವಾಗುತ್ತದೆ.

ಮೂರು ಬೆಳಿಗ್ಗೆ ಶೆಡ್ಡಿನ ಕಂಬಕ್ಕೆ ಒರಗಿ ನಿಂತೆ. ನೋಟುಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದಿದ್ದೆ: ಚೀಟಿ ನಂಬರು, ಗಾಡಿ ನಂಬರು, ಓಡಿಸಿಕೊಂಡು ಬಂದವರು, ಚೀಟಿದಾರರು ಇದ್ದಾರೋ ಇಲ್ಲವೋ. ನಾಲ್ಕನೇ ಕಾಲಂನಲ್ಲಿ ಮೊದಲ ದಿನವೇ ‘ಇಲ್ಲ’ ಎಂದು ನಾಲ್ಕು ಸಲ ಬರೆದೆ. ಒಬ್ಬ ತಮ್ಮ, ಒಬ್ಬಳು ಸೊಸೆ, ಒಬ್ಬ ಚಿಕ್ಕಪ್ಪ, ಒಬ್ಬ ಅಳಿಯ. ಎಲ್ಲರೂ ಗಟ್ಟಿಮುಟ್ಟಾಗಿದ್ದರು. ಎಲ್ಲರೂ ನನಗೆ ನಮಸ್ಕಾರ ಹೇಳಿದರು.

ಸ್ಟ್ಯಾಂಡ್ ನೋಡಿಕೊಳ್ಳುವವರು ಆಂಡರ್ಸನ್‌ಪೇಟೆಯ ಒಬ್ಬ ಹಿರಿಯರು. ಅವರ ಮೇಲೆ ಹರಿಹಾಯ್ದೆ.

“ನಾನೇನ್ ಮಾಡ್ಲಿ ಮೇಡಂ,” ಎಂದರು ಅವರು, ಟೋಕನ್ ಕಟ್ಟನ್ನು ಜೇಬಿಗೆ ಇಳಿಸುತ್ತಾ. “ಚೀಟಿ ತೋರ್ಸಿದ್ರೆ ಬಿಡು ಅಂತ ಏಳಿದೀರ. ತೋರುಸ್ತಾರೆ, ಬಿಡ್ತೀನಿ. ನಾನು ಚೀಟಿ ನೋಡೋದಾ, ಕಾಲು ನೋಡೋದಾ?”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ನಾಲ್ವರಲ್ಲಿ ಮೂವರು ತಲೆ ಕೆರೆದುಕೊಂಡರು, ಇನ್ನು ಮುಂದೆ ತರುವುದಿಲ್ಲ ಎಂದರು. ಅಳಿಯ ಮಾತ್ರ ಹಾಗೆ ಬಗ್ಗುವ ಪೈಕಿ ಅಲ್ಲ. ಹೊಸಕೋಟೆ ಕಡೆಯಿಂದ ಬಂದು ಮಾವನ ಮನೆಯಲ್ಲಿ ನೆಲೆಸಿದವನು, ವೈಟ್‌ಫೀಲ್ಡಿನ ಒಂದು ಗೋದಾಮಿನಲ್ಲಿ ಸಾಮಾನು ಪ್ಯಾಕ್ ಮಾಡುವ ಕೆಲಸ. ಒಂಬತ್ತನೇ ನಂಬರಿನ ಚೀಟಿಯನ್ನು ಬೆರಳಲ್ಲಿ ತಿರುಗಿಸುತ್ತಾ ತಣ್ಣಗೆ ಹೇಳಿದ:

“ಚೀಟಿ ನಮ್ ಮಾವುಂದು. ಗಾಡಿನೂ ಮಾವುಂದೇ. ನಾನೇನ್ ಬ್ಯಾರೆಯೋರ್ದು ಎತ್ಕೊಂಡ್ ಬಂದಿಲ್ವಲ್ಲ ಮೇಡಂ.”

ಆ ಮಾವನನ್ನು ನಾನು ಯಜಮಾನ್ರೇ ಎಂದೇ ಕರೆಯುತ್ತಿದ್ದೆ. ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಹಳ್ಳಿಯವರು. ಹುಣಸೇಹಣ್ಣು ಬಡಿಯುವ ಕೂಲಿಗೆ ಮರ ಹತ್ತಿದ್ದಾಗ ಕೊಂಬೆ ಮುರಿದು ಬಿದ್ದು, ಸೊಂಟದಿಂದ ಕೆಳಗೆ ಸ್ವಾಧೀನ ಹೋಗಿತ್ತು. ಅವರಿಗೆ ನನ್ನದರಂಥದ್ದೇ ಗಾಡಿ ಕೊಡಿಸಲು ನಾನು ಪಟ್ಟ ಪಾಡು ಬೇರೆಯದೇ ಕಥೆ. ಗಾಡಿ ಬಂದ ಮೇಲೆ ಊರಿನ ಶಾಲೆಯ ಮೈದಾನದಲ್ಲಿ ಒಂದು ವಾರ ನಾನೇ ಕಲಿಸಿದೆ. ಕಾಲಿನ ಬ್ರೇಕು ಕೈಗೆ ಬಂದಿರುತ್ತದೆ, ಅದು ರೂಢಿಯಾಗುವವರೆಗೆ ಎಲ್ಲರೂ ಬೇಲಿಗೆ ನುಗ್ಗುತ್ತಾರೆ. ಇವರು ನುಗ್ಗಲಿಲ್ಲ. ಎರಡನೇ ದಿನವೇ ಮೈದಾನದಿಂದ ರಸ್ತೆಗೆ ಇಳಿದು ಡೈರಿಯವರೆಗೆ ಹೋಗಿ ಬಂದರು. ಆಮೇಲೆ ಮನೆಯ ಹಾಲು, ಪಕ್ಕದ ಮನೆಯ ಹಾಲು ಅವರೇ ಡೈರಿಗೆ ಹಾಕುತ್ತಿದ್ದರು. ಮನಸ್ಸು ಬಂದರೆ ರಾಬರ್ಟ್‌ಸನ್‌ಪೇಟೆಗೆ ಹೋಗಿ, ಗಾಡಿ ಮೇಲೇ ಕುಳಿತು ಟೀ ಕುಡಿದು, ನನಗೆ ಫೋನ್ ಮಾಡುತ್ತಿದ್ದರು. “ಅಮ್ಮಣ್ಣಿ, ಪ್ಯಾಟೇಲಿವ್ನಿ,” ಎನ್ನುವರು. ಅಷ್ಟೇ ಸುದ್ದಿ. ಅಷ್ಟಕ್ಕೆ ನನ್ನ ದಿನ ಚೆನ್ನಾಗಿರುತ್ತಿತ್ತು.

ಹೆಂಡತಿ ತೀರಿಕೊಂಡ ಮೇಲೆ ಮಗಳು ಅಳಿಯ ಬಂದು ಸೇರಿದರು. ಫೋನು ನಿಂತಿತು. ನಾನು ವಿಚಾರಿಸಬೇಕಿತ್ತು. ವಿಚಾರಿಸಲಿಲ್ಲ. ವರ್ಷದ ತಪಾಸಣೆಗೆ ಮನೆಗೇ ಹೋಗಬೇಕೆಂಬುದು ನಿಯಮ; ಆದರೆ ಎರಡು ವರ್ಷ ನಾನು, ಊರುಗಳು ಬಹಳ, ಕಾಲು ನೋವು ಎಂದುಕೊಂಡು, ‘ಫಲಾನುಭವಿ ಗಾಡಿಯ ಮೇಲೆ ಕುಳಿತಿರುವ ಫೋಟೊ ವಾಟ್ಸಾಪಿಗೆ ಹಾಕಿ’ ಎಂದು ಮನೆಯವರಿಗೆ ಹೇಳಿಬಿಟ್ಟಿದ್ದೆ. ಫೋಟೊ ಬರುತ್ತಿತ್ತು. ತಲೆ ಬಾಚಿ, ಇಸ್ತ್ರಿ ಷರಟು ಹಾಕಿ, ಹ್ಯಾಂಡಲ್ ಹಿಡಿದು ನಗುತ್ತಿದ್ದರು. ‘ಗಾಡಿಯನ್ನು ಫಲಾನುಭವಿಯೇ ಬಳಸುತ್ತಿದ್ದಾರೆ’ ಎಂದು ಬರೆದು ಸಹಿ ಹಾಕಿದ್ದೆ.

ಅಳಿಯನ ಮಾತು ಕೇಳಿದ ದಿನ ಆಫೀಸಿಗೆ ಬಂದವಳೇ ಒಂದು ನಿಯಮ ಬರೆದೆ. ‘ಚೀಟಿದಾರರು ಗಾಡಿಯ ಮೇಲಿದ್ದರೆ ಮಾತ್ರ ಶೆಡ್ಡಿನೊಳಗೆ ಬಿಡತಕ್ಕದ್ದು.’ ಸಾಹೇಬರು ಓದಿ, “ಚೆನ್ನಾಗಿದೆ, ಯಾರೂ ತಕರಾರು ಎತ್ತೋ ಹಾಗಿಲ್ಲ,” ಎಂದು ಮೊಹರು ಹಾಕಿಸಿದರು. ಹದಿನಾಲ್ಕು ಸ್ಟಿಕರ್ ಮಾಡಿಸಿ ಹದಿನಾಲ್ಕು ಚೀಟಿಯ ಬೆನ್ನಿಗೆ ಅಂಟಿಸಿದೆ. ಶೆಡ್ಡಿನ ಕಂಬಕ್ಕೂ ಒಂದು ಬೋರ್ಡು. ಸ್ಟ್ಯಾಂಡಿನವರಿಗೆ ಹೇಳಿದೆ: ಇನ್ನು ಮೇಲೆ ಚೀಟಿಯನ್ನೂ ನೋಡಿ, ಕಾಲನ್ನೂ ನೋಡಿ. ಮಾರನೇ ದಿನವೇ ನಾಲ್ಕು ಜಾಗ ಖಾಲಿಯಾದವು. ಫೋನ್ ಕೆಲಸದ ಹುಡುಗಿ ಆ ವಾರ ಒಂದು ದಿನವೂ ರೈಲು ತಪ್ಪಿಸಿಕೊಳ್ಳಲಿಲ್ಲ. ಶೆಡ್ಡಿನ ಮುಂದೆ ಅವಳನ್ನು ನಿಲ್ಲಿಸಿ ಫೋಟೊ ತೆಗೆದು ಇಲಾಖೆಯ ಗುಂಪಿಗೆ ಕಳಿಸಿದೆ. ನನಗೆ ಬೀಗುವುದಕ್ಕೆ ಅಷ್ಟು ಸಾಕಿತ್ತು.

ಹತ್ತು ದಿನದ ಮೇಲೆ ಸ್ಟ್ಯಾಂಡಿನವರು ಫೋನ್ ಮಾಡಿದರು. “ಒಂಬತ್ತು ಮತ್ತೆ ಬರ್ತಾ ಇದೆ ಮೇಡಂ.”

“ಚೀಟಿದಾರರು?”

“ಅವ್ರೂ ಬರ್ತಾರೆ. ಗಾಡಿ ಮೇಲೇ.”

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಯಜಮಾನರು ಮತ್ತೆ ಹೊರಗೆ ಬರುತ್ತಿದ್ದಾರೆ, ಅಳಿಯನಿಗೆ ಬುದ್ಧಿ ಬಂದಿದೆ, ಪ್ರಾಯಶಃ ಅವರನ್ನು ಬೆಂಗಳೂರಿನ ಆಸ್ಪತ್ರೆಗೆ ವ್ಯಾಯಾಮಕ್ಕೆ ಕರೆದೊಯ್ಯುತ್ತಿದ್ದಾನೆ ಎಂದೆಲ್ಲಾ ನಾನೇ ಕಟ್ಟಿಕೊಂಡೆ. ತಿಂಗಳ ವರದಿಯಲ್ಲಿ ಒಂಬತ್ತನೇ ನಂಬರಿನ ಎದುರು ‘ಸರಿಪಡಿಸಲಾಗಿದೆ’ ಎಂದು ಬರೆದೆ.

ಅದಾಗಿ ಇನ್ನೊಂದು ವಾರಕ್ಕೆ ಯಾರದೋ ರೈಲ್ವೆ ರಿಯಾಯಿತಿ ಅರ್ಜಿಯ ಸಲುವಾಗಿ ಮಧ್ಯಾಹ್ನ ಸ್ಟೇಷನ್ನಿಗೆ ಹೋಗಬೇಕಾಯಿತು. ಬಿಸಿಲು ಚುರುಗುಟ್ಟುತ್ತಿತ್ತು. ನನ್ನ ಗಾಡಿಯನ್ನು ಶೆಡ್ಡಿಗೆ ತಿರುಗಿಸಿದರೆ, ಮೂಲೆಯ ಗಾಡಿಯ ಮೇಲೆ ಯಜಮಾನರು ಕುಳಿತಿದ್ದರು. ಹಿಂದಿನ ಒರಗಿಗೆ ಬೆನ್ನು ಕೊಟ್ಟಿದ್ದರು; ಹೆಗಲಿಗೆ ಹಾಕುವ ವಲ್ಲಿಯಿಂದ ಅವರನ್ನು ಹೊಟ್ಟೆಯ ಸುತ್ತ ಸೀಟಿಗೆ ಬಿಗಿದಿತ್ತು. ಕಾಲುಗಳನ್ನು ಯಾರೋ ಜೋಡಿಸಿ ಇಟ್ಟಿದ್ದರು. ಹ್ಯಾಂಡಲಿಗೆ ಒಂದು ಟಿಫನ್ ಡಬ್ಬಿಯ ಚೀಲ. ಕೊರಳಲ್ಲಿ ದಾರ, ದಾರದಲ್ಲಿ ನನ್ನ ಚೀಟಿ.

“ಯಜಮಾನ್ರೇ, ಇಲ್ಲೇನ್ ಮಾಡ್ತಿದೀರಾ?”

“ಬಾ ಅಮ್ಮಣ್ಣಿ,” ಎಂದರು, ಮನೆಗೆ ಬಂದವಳನ್ನು ಕರೆದಂತೆ. “ಡ್ಯೂಟೀಲಿವ್ನಿ.”

ಬೆಳಿಗ್ಗೆ ಅಳಿಯ ಅವರನ್ನು ಹಿಂದೆ ಕೂರಿಸಿಕೊಂಡು, ವಲ್ಲಿಯಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು ಬರುತ್ತಾನೆ. ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿ, ವಲ್ಲಿ ಬಿಚ್ಚಿ ಸೀಟಿಗೆ ಕಟ್ಟಿ, ರೈಲು ಹಿಡಿಯುತ್ತಾನೆ. ಸಂಜೆಯ ರೈಲಿಗೆ ಬಂದು ಮತ್ತೆ ಕಟ್ಟಿಕೊಂಡು ಹೋಗುತ್ತಾನೆ. ಮಗಳೂ ಅದೇ ರೈಲಿಗೆ ಹೋಗುವವಳು, ಒಂದು ಆಫೀಸಿನಲ್ಲಿ ನೆಲ ಒರೆಸುವ ಕೆಲಸ. ಇವರು ಹನ್ನೆರಡು ಗಂಟೆ ಗಾಡಿಯ ಮೇಲೆ. ಇದನ್ನೆಲ್ಲ ಅವರು ಯಾರದೋ ಮನೆಯ ಮಾತು ಹೇಳುವಂತೆ ಹೇಳಿದರು. ನನ್ನ ಕಣ್ಣು ಪಕ್ಕದ ಕಂಬಕ್ಕೆ ಹೋಯಿತು. ನಾನು ಬರೆದ ಬೋರ್ಡು ಆ ಕಂಬದ ಮೇಲೇ ಇತ್ತು.

“ನೀರಾದ್ರೂ ಕುಡುದ್ರಾ?”

“ನೀರ್ ಕುಡುದ್ರೆ ಚೀಲ ತುಂಬ್ತದೆ. ತುಂಬಿದ್ರೆ ಯಾರಿಗೇಳ್ಲಿ?” ಅವರ ಪಂಚೆಯ ಮರೆಯಲ್ಲಿ ಮೂತ್ರದ ಚೀಲ ಇತ್ತು. “ಸಾಯಂತ್ರ ಮನೆಗೋಗಿ ಕುಡೀತೀನಿ ಬುಡು.”

ಅಳಿಯನಿಗೆ ಫೋನ್ ಹಚ್ಚಲು ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದರು.

“ಬ್ಯಾಡ ಅಮ್ಮಣ್ಣಿ. ನೀನು ಇದ್ನ ಕೆಡುಸ್ಬ್ಯಾಡ. ಮನೇಲಿ ಏನೈತೆ? ಬಾಗ್ಲು ಮುಂದಕ್ಕೆಳ್ಕೊಂಡು ಓಗ್ತಾರೆ, ಸೂರು ನೋಡ್ಕೊಂಡು ಬಿದ್ದಿರ್ತೀನಿ. ಎಲ್ಡು ವರ್ಸ ಅಂಗೇ ಇದ್ದೆ. ವರ್ಸಕ್ಕೊಂದಪ ನಿನ್ ಪೋಟಾ ಅಂತ ಮೈ ತೊಳ್ದು ಗಾಡಿ ಮೇಲೆ ಕುಂಡ್ರುಸೋರು, ಅವತ್ತು ನಂಗೆ ಅಬ್ಬ. ಈಗ ದಿನಾ ಅಬ್ಬ. ಇಲ್ಲಿ ಓಗೋರು ಬರೋರು ಎಲ್ಲಾ ‘ತಾತ, ಊಟ ಆಯ್ತಾ’ ಅಂತಾರೆ.”

ಹಾಗೆಂದು ನಕ್ಕರು; ಆ ನಗು ಫೋಟೊದಲ್ಲಿದ್ದ ನಗುವೇ. ಎರಡು ವರ್ಷ ನಾನು ಅದನ್ನು ಫೈಲಿಗೆ ಸೇರಿಸಿದ್ದೆ.

ಸಂಜೆ ರೈಲಿನವರೆಗೆ ಕಾದೆ. ಅಳಿಯ ಮಗಳು ಇಬ್ಬರೂ ಇಳಿದು ಬಂದರು. ಬೈಯಬೇಕೆಂದು ಮಾತು ಜೋಡಿಸಿಟ್ಟುಕೊಂಡಿದ್ದೆ. ಅಳಿಯ ನನ್ನನ್ನು ಕಂಡವನೇ ಕಂಬದ ಬೋರ್ಡಿಗೆ ಕೈ ತೋರಿಸಿದ.

“ನೀವೇ ತಾನೇ ಬರ್ಸಿದ್ದು? ಚೀಟಿದಾರರು ಗಾಡಿ ಮ್ಯಾಲಿರ್ಬೇಕು. ಅವ್ರೇ ನೋಡಿ, ಗಾಡಿ ಮ್ಯಾಲೇ ಅವ್ರೆ. ಇನ್ನೇನ್ ಮಾಡ್ಬೇಕು ಏಳಿ.”

ಮಗಳು ಅವನಷ್ಟು ಗಡುಸಲ್ಲ. ನಾಯ್ನ ಎಂದು ತಾನು ಕರೆಯುವ ತಂದೆಯ ಕಾಲಿನ ಮೇಲಿದ್ದ ನೊಣ ಓಡಿಸುತ್ತಾ ಹೇಳಿದಳು: “ಬೆಳಿಗ್ಗೆ ಬುಟ್ರೆ ಕತ್ತಲಾಗೋ ಒತ್ಗೆ ಬರಾದು ನಾವು. ಮನೇಲಿ ಬುಟ್ಟೋದ್ರೂ ನಮ್ ನಾಯ್ನ ಒಂಟಿ. ಇಲ್ಲಾದ್ರೆ ನಾಕ್ ಜನ ಇರ್ತಾರೆ. ಕೆಲ್ಸ ಬುಟ್ಟು ಕೂತ್ಕೋ ಅಂದ್ರೆ ಅದೂ ಏಳಿ. ಯಾವ್ದು ವಾಸಿ ಅಂತ ನೀವೇ ಏಳಿ ಮೇಡಂ.”

ನನ್ನ ಹತ್ತಿರ ಇದ್ದದ್ದು ಒಂದು ಗಾಳಿ ತುಂಬುವ ಮೆತ್ತೆ ಮಾತ್ರ. ಅದನ್ನು ಮಾರನೇ ದಿನ ಆಫೀಸಿನಿಂದ ತಂದು ಸೀಟಿನ ಮೇಲೆ ಹಾಕಿಸಿದೆ. ಬೆನ್ನುಮೂಳೆ ಪೆಟ್ಟಿನವರಿಗೆ ಕೆಳಗೆ ನೋವು ತಿಳಿಯುವುದಿಲ್ಲ. ಒಂದೇ ಭಂಗಿಯಲ್ಲಿ ಕುಳಿತರೆ ಚರ್ಮ ಕೊಳೆಯುತ್ತದೆ, ಅದು ಮೂಳೆಗೆ ಇಳಿದರೆ ನಂಜಾಗಿ ಆಳೇ ಹೋಗುತ್ತಾರೆ. ಅದಕ್ಕೆ ಅರ್ಧ ಗಂಟೆಗೊಮ್ಮೆ ಎರಡೂ ಕೈಯೂರಿ ಮೈ ಎತ್ತಿ ಹಿಡಿಯಬೇಕು. ಇದನ್ನು ಹಿಂದೆಯೇ ಕಲಿಸಿದ್ದೆ, ಮತ್ತೆ ಕಲಿಸಿದೆ. ಸ್ಟ್ಯಾಂಡಿನವರಿಗೆ, ಪ್ರತಿ ರೈಲು ಹೋದಾಗ ‘ತಾತ, ಎತ್ತು’ ಎಂದು ಕೂಗಲು ಹೇಳಿದೆ. ಚೀಲ ಖಾಲಿ ಮಾಡುವ ಕೆಲಸಕ್ಕೂ ಅವರೇ ಒಪ್ಪಿಕೊಂಡರು. ಒಪ್ಪಿಕೊಳ್ಳಬೇಕಾದ ದರ್ದು ಅವರಿಗಿರಲಿಲ್ಲ. ಶೆಡ್ಡಿನಲ್ಲಿ ಒಬ್ಬ ಮನುಷ್ಯನನ್ನು ಪಾರ್ಕಿಂಗ್ ಮಾಡಲು ಹೀಗೆ ನಾನೂ ವ್ಯವಸ್ಥೆ ಮಾಡಿಕೊಟ್ಟೆ.

ಒಂದಿಷ್ಟು ದಿನ ಎಲ್ಲ ಚೆನ್ನಾಗಿಯೇ ಇತ್ತೆಂದು ಹೇಳಬೇಕು. ಯಜಮಾನರಿಗೆ ಎಲ್ಲ ರೈಲುಗಳ ವೇಳೆ ಬಾಯಿಗೆ ಬಂತು. ಹೊಸಬರಿಗೆ ಅವರೇ ಪ್ಲಾಟ್‌ಫಾರಂ ಹೇಳುತ್ತಿದ್ದರು. ಫೋನ್ ಕೆಲಸದ ಹುಡುಗಿ ತನ್ನ ಗಾಡಿಯನ್ನು ಅವರ ಪಕ್ಕದಲ್ಲೇ ನಿಲ್ಲಿಸಿ, ಕೀಲಿಕೈಯನ್ನು ಅವರ ಕೈಗೇ ಕೊಟ್ಟು ಹೋಗುತ್ತಿದ್ದಳು. ಇನ್ನಿಬ್ಬರು ಹೆಲ್ಮೆಟ್ ಕೊಡಲು ಶುರು ಮಾಡಿದರು. ಅವರ ಮಡಿಲಲ್ಲಿ ನಾಲ್ಕೈದು ಕೀಲಿಕೈ, ಎರಡು ಹೆಲ್ಮೆಟ್ಟು. ಯಾರಾದರೂ ಕೇಳಿದರೆ “ಡ್ಯೂಟಿ” ಎನ್ನುವರು. ನಾನೂ ನಗುತ್ತಿದ್ದೆ.

ಆಮೇಲೆ ಒಂದು ಬೆಳಿಗ್ಗೆ ಆ ಹುಡುಗಿ ರೈಲಿನಿಂದಲೇ ಫೋನ್ ಮಾಡಿದಳು. “ಅಕ್ಕಾ, ತಾತನ ಹತ್ರ ವಾಸನೆ ಬರ್ತಿದೆ. ಚೀಲದ್ದಲ್ಲ. ನೀವೊಂದ್ಸಲ ನೋಡಿ.”

ನೋಡುವ ಮೊದಲೇ ನನಗೆ ಗೊತ್ತಾಗಿತ್ತು. ಸ್ಟ್ಯಾಂಡಿನವರೂ ನಾನೂ ಒಂದು ಆಟೋ ಹಿಡಿದು ಅವರನ್ನು ಆಸ್ಪತ್ರೆಗೆ ಒಯ್ದೆವು. ನರ್ಸಮ್ಮ ಬಟ್ಟೆ ಸರಿಸಿದರು. ಕುಂಡೆಯ ಎಡಗಡೆ, ಮೂಳೆ ಒತ್ತುವ ಜಾಗದಲ್ಲಿ, ನೆಲ್ಲಿಕಾಯಿ ಹಿಡಿಯುವಷ್ಟು ಗುಳಿ. ಅಂಚು ಕಪ್ಪಾಗಿತ್ತು. ಮೆತ್ತೆಯ ಗಾಳಿ ಯಾವಾಗಲೋ ಇಳಿದುಹೋಗಿತ್ತಂತೆ. ಯಜಮಾನರು ಯಾರಿಗೂ ಹೇಳಿರಲಿಲ್ಲ. ಮೈ ಎತ್ತುವುದನ್ನೂ ಬಿಟ್ಟಿದ್ದರು, ಎತ್ತಿದರೆ ಮಡಿಲಿನ ಕೀಲಿಕೈಗಳು ಬೀಳುತ್ತವೆ ಎಂದು.

“ಇನ್ನೊಂದು ವಾರ ಕೂತಿದ್ರೆ ಮೂಳೆಗೆ ಮುಟ್ತಿತ್ತು,” ಎಂದರು ನರ್ಸಮ್ಮ, ನನ್ನನ್ನೇ ಮನೆಯವಳೆಂದು ತಿಳಿದು. “ಯಾರ್ರೀ ಇವರನ್ನ ಹೀಗೆ ಕೂರ್ಸಿದ್ದು?”

ಅವರು ಚಾಚಿದ ಕಾಗದದಲ್ಲಿ ‘ಮನೆಯವರು’ ಎಂಬ ಕಡೆ ನಾನೇ ಸಹಿ ಹಾಕಿದೆ.

ಗಾಯ ಮಾಗಲು ಅವರು ಮಗ್ಗುಲಾಗಿಯೇ ಮಲಗಿರಬೇಕಿತ್ತು, ವಾರಗಟ್ಟಲೆ. ಮಾಗಿದ ಮೇಲೂ ದಿನಕ್ಕೆ ಒಂದೆರಡು ತಾಸಿಗಿಂತ ಹೆಚ್ಚು ಕೂರುವಂತಿಲ್ಲ. ಅಳಿಯನಿಗೆ ಇದನ್ನು ಬಿಡಿಸಿ ಹೇಳಿದೆ. ಅವನು ಎಲ್ಲದಕ್ಕೂ ತಲೆಯಾಡಿಸಿದ. ನಾಲ್ಕನೇ ಬೆಳಿಗ್ಗೆ ಸ್ಟ್ಯಾಂಡಿನವರ ಫೋನ್ ಬಂತು: ಒಂಬತ್ತು ಬಂದಿದೆ, ಚೀಟಿದಾರರೂ ಬಂದಿದ್ದಾರೆ, ಪಟ್ಟಿ ಕಟ್ಟಿಕೊಂಡೇ.

ಕತ್ತರಿ, ರಿಜಿಸ್ಟರು ಎತ್ತಿಕೊಂಡು ಹೊರಟೆ. ಪರವಾನಗಿ ರದ್ದು ಮಾಡುವುದಕ್ಕೆ ಒಂದು ಕ್ರಮವಿದೆ. ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಕಾರಣ ಬರೆಯಬೇಕು, ಚೀಟಿದಾರರಿಗೆ ಓದಿ ಹೇಳಿ ಒಪ್ಪಿಗೆಯ ಸಹಿ ಪಡೆಯಬೇಕು, ಅವರ ಎದುರಿನಲ್ಲೇ ಚೀಟಿ ಕತ್ತರಿಸಬೇಕು. ಈ ಕ್ರಮ ಮಾಡಿದ್ದೂ ನಾನೇ. ಅಂಗವಿಕಲರಿಗೆ ತಿಳಿಸದೆ ಅವರದ್ದೇನನ್ನೂ ಯಾರೂ ಕಿತ್ತುಕೊಳ್ಳಬಾರದು ಎಂದು ಸಭೆಗಳಲ್ಲಿ ಗಂಟಲು ಹರಿಯುವಂತೆ ಕೂಗಿದವಳು ನಾನು.

ಯಜಮಾನರಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಪೆನ್ನು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

“ಚೀಟಿ ನಂದು. ಗಾಯಾನೂ ನಂದು. ನಿಂಗೇನಮ್ಮಣ್ಣಿ?”

“ಸತ್ತೋಗ್ತೀರಾ ಯಜಮಾನ್ರೇ.”

“ಮರದಿಂದ ಬಿದ್ದಾಗ್ಲೇ ಓಗ್ಬೇಕಾಗಿತ್ತು, ಓಗ್ಲಿಲ್ಲ. ಇಲ್ಲೇ ಓದ್ರೆ ನಾಕ್ ಜನ ನೋಡ್ತಾರೆ. ಮನೇಲೋದ್ರೆ ಸಾಯಂತ್ರದ ತಂಕ ಯಾರ್ಗೂ ಗೊತ್ತಾಗಾಕಿಲ್ಲ.” ಹ್ಯಾಂಡಲಿನ ಮೇಲೆ ಕೈ ಇಟ್ಟುಕೊಂಡು ಮತ್ತೆ ಹೇಳಿದರು. “ಗಾಡಿ ಕಲ್ಸುವಾಗ ನೀನೇ ಏಳಿದ್ದೆ. ಇದು ನಿಮ್ದು, ಎಲ್ಲಿಗ್ ಓಗ್ಬೇಕು ಅನ್ನೋದು ನಿಮ್ಮಿಷ್ಟ ಅಂತ. ನಂಗೆ ಇಲ್ಲೇ ಇರ್ಬೇಕು.”

ಹೇಳಿದ್ದೆ. ಶಾಲೆಯ ಮೈದಾನದಲ್ಲಿ, ಮೊದಲ ದಿನ, ಅದೇ ಮಾತು ಹೇಳಿದ್ದೆ.

ಸ್ಟ್ಯಾಂಡಿನವರು ಇನ್ನೊಂದು ಕಡೆ ತಿರುಗಿ ನಿಂತರು. ನಾನು ಸಹಿಯ ಜಾಗದಲ್ಲಿ ಕೆಂಪು ಶಾಯಿಯಲ್ಲಿ ‘ಸಹಿ ಹಾಕಲು ನಿರಾಕರಿಸಿದರು’ ಎಂದು ಬರೆದೆ. ಅವರ ಕೊರಳಿನ ದಾರ ತೆಗೆದೆ. ತೆಗೆಯುವಾಗ ಅವರು ತಲೆ ಬಗ್ಗಿಸಿ ಕೊಟ್ಟರು, ಅದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಲ್ಯಾಮಿನೇಷನ್ ದಪ್ಪ ಇತ್ತು, ಕತ್ತರಿ ಎರಡು ಸಲ ಜಾರಿತು. ಮೂರನೇ ಸಲಕ್ಕೆ ಅವರ ಫೋಟೊದ ಪಕ್ಕದಿಂದ ಕತ್ತರಿಸಿತು. ಯಜಮಾನರು ಮಡಿಲಲ್ಲಿದ್ದ ಕೀಲಿಕೈಗಳನ್ನು ಒಂದೊಂದಾಗಿ ಎತ್ತಿ ಸ್ಟ್ಯಾಂಡಿನವರ ಕೈಗೆ ಕೊಟ್ಟರು. “ಪೋನೀಮ್ಮಾ,” ಎಂದರು. ಬೇಸರ ಬಂದಾಗ ಅವರಿಗೆ ತೆಲುಗೇ ಬರುತ್ತಿತ್ತು. ಹೋಗಲಿ ಬಿಡು ಎನ್ನುವ ಆ ಮಾತಿಗಿಂತ ಅವರು ಬೈದಿದ್ದರೆ ಚೆನ್ನಾಗಿತ್ತು.

ಮುಂದೇನಾಯಿತು ಎಂದು ಕೇಳುವವರಿಗೆ ಹೇಳುತ್ತೇನೆ. ಗಾಡಿ ಈಗಲೂ ಅಳಿಯನ ಬಳಿಯೇ ಇದೆ. ದೊಡ್ಡ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ನಾಲ್ಕು ಹೆಜ್ಜೆ ಹೆಚ್ಚು ನಡೆಯುತ್ತಾನೆ, ಅಷ್ಟೇ ಅವನಿಗಾದ ಶಿಕ್ಷೆ. ಗಾಡಿಯನ್ನು ವಾಪಸ್ ಪಡೆಯಬೇಕೆಂದರೆ ಯಜಮಾನರೇ ದೂರು ಕೊಡಬೇಕು, ಅವರು ಕೊಡುವುದಿಲ್ಲ. ಮಗಳನ್ನು ಹಿಡಿದು, ಹಗಲಲ್ಲಿ ಒಂದೆರಡು ತಾಸು ಡೈರಿಯ ಜಗಲಿಯ ಮೇಲಾದರೂ ಅವರನ್ನು ಕೂರಿಸುವ ಏರ್ಪಾಡು ಮಾಡಲು ನೋಡಿದೆ. ಕರೆದುಕೊಂಡು ಹೋಗಿ ಬರುವವರು ಯಾರು ಎನ್ನುವಲ್ಲಿಗೆ ಮಾತು ನಿಂತಿತು. ಗಾಲಿಕುರ್ಚಿ ಕೊಡಿಸಿದೆ, ಅವರ ಮನೆಯ ಹೊಸ್ತಿಲು ಮೊಣಕಾಲೆತ್ತರ. ಕುರ್ಚಿ ಈಗ ಹೊರಗೆ ಹುಲ್ಲಿನ ಕಂತೆ ಹೊತ್ತು ನಿಂತಿದೆ. ಫೋನ್ ಕೆಲಸದ ಹುಡುಗಿಗೆ ಶೆಡ್ಡಿನಲ್ಲಿ ದಿನಾ ಜಾಗ ಸಿಗುತ್ತದೆ. ಕೆಲಸ ಉಳಿಯಿತು. ಒಂದು ದಿನ ಸಿಕ್ಕವಳು, ಮೂಲೆಯ ಖಾಲಿ ಜಾಗ ನೋಡುತ್ತಾ, “ನಾನು ದೂರೇ ಕೊಡಬಾರ್ದಾಗಿತ್ತು ಅಕ್ಕಾ,” ಎಂದಳು. ಅವಳ ಮೇಲೆ ರೇಗಿದೆ. ರೇಗಬೇಕಿದ್ದದ್ದು ನನ್ನ ಮೇಲೆ.

ಈ ವರ್ಷದ ತಪಾಸಣೆಗೆ ನಾನು ವಾಟ್ಸಾಪಿನಲ್ಲಿ ಫೋಟೊ ಕೇಳಲಿಲ್ಲ. ಮನೆಗೇ ಹೋದೆ. ಮಧ್ಯಾಹ್ನ. ಬಾಗಿಲು ಮುಂದಕ್ಕೆ ಎಳೆದಿತ್ತು, ಚಿಲಕ ಇರಲಿಲ್ಲ. ಯಜಮಾನರು ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಗ್ಗುಲಾಗಿ ಮಲಗಿದ್ದರು. ಗಾಯ ನೋಡಿದೆ. ಮಾಗಿತ್ತು, ಹೊಸ ಚರ್ಮ ತೆಳ್ಳಗೆ ಬಂದಿತ್ತು. ನನ್ನ ಕೆಲಸದ ಲೆಕ್ಕದಲ್ಲಿ ಇದು ಗೆಲುವು.

“ಮಾಗಿದೆ ಯಜಮಾನ್ರೇ,” ಎಂದೆ.

“ಊಂ,” ಎಂದರು.

ನೆಲದ ಮೇಲೆ ಕಾಲು ಚಾಚಿ ಕುಳಿತು ಫಾರಂ ತುಂಬಿದೆ. ಹೆಸರು, ಕಾರ್ಡಿನ ನಂಬರು, ಪಿಂಚಣಿ ಬರುತ್ತಿದೆಯೇ, ಗಾಡಿ ಯಾರ ಬಳಿ ಇದೆ. ಗಾಡಿಯ ಸಾಲಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ, ಏನೂ ಆಗುವುದಿಲ್ಲವೆಂದು ತಿಳಿದೂ. ಅವರು ಕೇಳಿದ್ದಕ್ಕಷ್ಟೇ ಗೋಡೆಗೆ ಉತ್ತರ ಕೊಟ್ಟರು. ಅವರ ತಲೆದೆಸೆಯಲ್ಲಿ ಒಂದು ತಟ್ಟೆ, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿತ್ತು. ಮುಚ್ಚಿದ್ದ ತಟ್ಟೆ ಬೆಳಗಿನಿಂದ ಸರಿದ ಹಾಗಿರಲಿಲ್ಲ. ಎರಡನೇ ಪುಟದ ಕೊನೆಗೆ ಬಂದಾಗ, ಎಂದಿನಂತೆ, ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ.

“ಊಟ ಆಯ್ತಾ ಯಜಮಾನ್ರೇ?”

ಆಗ ಅವರು ಕತ್ತು ತಿರುಗಿಸಿದರು. ಒಳಗೆ ಬಂದಾಗಿನಿಂದ ಮೊದಲ ಸಲ ನನ್ನ ಮುಖ ನೋಡಿದರು.

“ಸ್ಟೇಸನ್ ತಾವ ಎಲ್ಲಾ ಇದ್ನೇ ಕೇಳೋರು,” ಎಂದರು. “ನೀನು ವರ್ಸಾ ವರ್ಸಾ ಇದ್ನ ಕೇಳ್ಬುಟ್ಟು ಏನೋ ಬರ್ಕೊಳ್ತೀಯ, ನಾನು ನೋಡಿವ್ನಿ. ಈಗ ಕೇಳ್ತಿರಾದು ಆ ಕಾಗ್ದಕ್ಕಾ ಅಮ್ಮಣ್ಣಿ, ಇಲ್ಲಾ ನೀನೇ ಕೇಳ್ತಿದೀಯಾ?”

“ನಾನೇ ಕೇಳ್ತಿದೀನಿ,” ಎಂದೆ.

ಅವರು ನನ್ನ ಕೈಯಲ್ಲಿದ್ದ ಪೆನ್ನು ನೋಡಿದರು. ಮತ್ತೆ ಗೋಡೆಯ ಕಡೆ ತಿರುಗಿಕೊಂಡರು.

“ಆಯ್ತು ಅಂತ ಬರ್ಕೋ,” ಎಂದರು.

ಬರೆದುಕೊಂಡೆ.